ಪಿಪಿಟಿ ಮೀಮಾಂಸೆ

ಕಚೇರಿಯ ಪಿಪಿಟಿ ಅಪೌರುಷೇಯ. ಅದನ್ನು ಯಾವ ಪುರುಷನೂ ರಚಿಸಿದ್ದಲ್ಲ, ಸ್ತ್ರೀಯೂ ರಚಿಸಿದ್ದಲ್ಲ, ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಕೂಡ ರಚಿಸಿದ್ದಲ್ಲ. ಅದು ಹೋದ ತಿಂಗಳೂ ಇತ್ತು, ಅದರ ಹಿಂದಿನ ತಿಂಗಳೂ ಇತ್ತು. ಸಭೆಯ ದಿನ ಗೋಡೆಯ ಮೇಲೆ ಪ್ರಕಟವಾಗುತ್ತದೆ, ಅಷ್ಟೇ. ಈ ಪ್ರತಿಜ್ಞೆಯನ್ನು ಸಾಧಿಸುವುದು, ಸಾಧಿಸುತ್ತ ಹೋದಂತೆ ಸ್ಲೈಡು ಕಟ್ಟುವ ಪ್ರಾಥಮಿಕ ಪಾಠಗಳನ್ನೂ ಜಿಜ್ಞಾಸುಗಳಿಗೆ ದಾಟಿಸುವುದು ಈ ಪ್ರಬಂಧದ ಹವಣಿಕೆ. ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯನ್ನು ನಮ್ಮ ಪ್ರಯೋಗಶಾಲೆಯಾಗಿ ಆರಿಸಿಕೊಂಡಿದ್ದೇವೆ. ಈ ವಿದ್ಯೆ ಹುಟ್ಟಿದ್ದು ಕಂಪನಿಗಳಲ್ಲಾದರೂ ಪರಿಪಾಕಕ್ಕೆ ಬಂದದ್ದು ಪ್ರಗತಿ ಪರಿಶೀಲನಾ ಸಭೆಗಳಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪೂರ್ವಪಕ್ಷಿ ಸುಮ್ಮನೆ ಕೂರುವವನಲ್ಲ. "ಪವರ್‌ಪಾಯಿಂಟ್‌ಗೆ ಕರ್ತೃಗಳಿದ್ದಾರಲ್ಲ ಸ್ವಾಮಿ" ಎಂದು ಎದ್ದೇ ಬಿಡುತ್ತಾನೆ. ಇದ್ದಾರೆ, ಒಪ್ಪಿದೆವು. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದ ಫೋರ್‌ಥಾಟ್ ಎಂಬ ಪುಟ್ಟ ಕಂಪನಿಗೆ 1984ರಲ್ಲಿ ಸೇರಿದ ರಾಬರ್ಟ್ ಗ್ಯಾಸ್ಕಿನ್ಸ್ ಇದರ ಕಲ್ಪನೆ ಕೊಟ್ಟರು; ಡೆನಿಸ್ ಆಸ್ಟಿನ್, ಥಾಮಸ್ ರಡ್ಕಿನ್ ಪ್ರೋಗ್ರಾಮು ಬರೆದರು. ಮೊದಲು ಇಟ್ಟ ಹೆಸರು ಪ್ರೆಸೆಂಟರ್. ಟ್ರೇಡ್‌ಮಾರ್ಕಿನ ತಕರಾರು ಬಂದು ಪವರ್‌ಪಾಯಿಂಟ್ ಆಯಿತು. 1987ರ ಏಪ್ರಿಲ್‌ನಲ್ಲಿ ಮೆಕಿಂಟಾಷ್ ಕಂಪ್ಯೂಟರಿಗೆಂದು ಕಪ್ಪು ಬಿಳುಪಿನಲ್ಲಿ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ಇಡೀ ಕಂಪನಿಯನ್ನೇ ಕೊಂಡಿತು. ವಿಂಡೋಸಿಗೆ ಬಂದದ್ದು 1990ರಲ್ಲಿ. ಇದೆಲ್ಲ ದಾಖಲಾದ ಚರಿತ್ರೆ. ಆದರೆ ತಂತ್ರಾಂಶ ಮಾಡಿದವರನ್ನು ಪಿಪಿಟಿಯ ಕರ್ತೃಗಳೆಂದರೆ, ನಮ್ಮ ಹಳೆಯ ಸುತ್ತೋಲೆಗಳನ್ನೆಲ್ಲ ಟೈಪ್‌ರೈಟರಿನ ರೆಮಿಂಗ್ಟನ್ ಕಂಪನಿಯೇ ಹೊರಡಿಸಿತು ಎಂದೂ ಒಪ್ಪಬೇಕಾಗುತ್ತದೆ. ಆದ್ದರಿಂದ ಪೂರ್ವಪಕ್ಷಿ ಕೂತುಕೊಳ್ಳಬಹುದು.

ಇನ್ನು ಪ್ರಮಾಣ. ಕರ್ತೃ ಯಾರೆಂದು ಯಾರಿಗೂ ನೆನಪಿಲ್ಲದಿರುವುದೇ ಅಪೌರುಷೇಯತ್ವಕ್ಕೆ ಹೇತು ಎಂದು ಮೀಮಾಂಸಕರು ವಾದಿಸುತ್ತಾರೆ. ಅದೇ ಹೇತು ಇಲ್ಲಿಯೂ ಸಲ್ಲುತ್ತದೆ. ಯಾವುದಾದರೂ ಇಲಾಖೆಯ ಪಿಪಿಟಿ ತೆರೆದು, ಫೈಲ್ ಮೆನುವಿನಲ್ಲಿ ಇನ್ಫೋ ಒತ್ತಿ, ಬಲಗಡೆ ಆಥರ್ ಎಂಬಲ್ಲಿ ಏನಿದೆ ನೋಡಿ. ಎಂದೋ ವರ್ಗವಾಗಿ ಹೋದ ಯಾರದೋ ಹೆಸರಿರುತ್ತದೆ. ಇಲ್ಲವೇ 'ಯೂಸರ್' ಎಂದಿರುತ್ತದೆ, 'ಅಡ್ಮಿನ್' ಎಂದಿರುತ್ತದೆ. ಕೆಲವು ಪ್ರತಿಗಳಲ್ಲಿ 'ಎಚ್‌ಪಿ' ಎಂದೂ 'ಲೆನೊವೊ' ಎಂದೂ ಕಂಡುಬರುತ್ತದೆ. ಇವು ಋಷಿಗಳ ಹೆಸರಲ್ಲ, ಡಬ್ಬದ ಮೇಲಿನ ಹೆಸರು. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣ ಬೇಕೆ?

ಇದರಿಂದ ಮೊದಲ ಪಾಠ ತಾನಾಗಿಯೇ ಹೊರಡುತ್ತದೆ. ತರಬೇತಿ ಪುಸ್ತಕಗಳಲ್ಲಿ ಕಂಟ್ರೋಲ್ ಎನ್ ಒತ್ತಿದರೆ ಹೊಸ ಪಿಪಿಟಿ, ಕಂಟ್ರೋಲ್ ಎಂ ಒತ್ತಿದರೆ ಹೊಸ ಸ್ಲೈಡು ಎಂದು ಹೇಳಿಕೊಡುತ್ತಾರೆ. ಇದು ಪರೀಕ್ಷಾ ವಿದ್ಯೆ. ಕರ್ನಾಟಕದ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕೆಂದು 2012ರಲ್ಲಿ ನಿಯಮವೇ ಆಗಿದೆಯಾದ್ದರಿಂದ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಭಾ ವಿದ್ಯೆ ಎಂಬುದು ಬೇರೆಯೇ ಇದೆ. ಅದು ಎಫ್12ರಿಂದ ಶುರುವಾಗುತ್ತದೆ. ಹೋದ ತಿಂಗಳದ್ದನ್ನು ತೆರೆಯಬೇಕು, ಎಫ್12 ಒತ್ತಬೇಕು, ಈ ತಿಂಗಳ ಹೆಸರು ಕೊಟ್ಟು ಸೇವ್ ಮಾಡಬೇಕು, ಆಮೇಲೆ ಅಂಕಿಗಳನ್ನಷ್ಟೇ ತಿದ್ದಬೇಕು. 'ಅಕ್ಟೋಬರ್ ಅಂತ್ಯಕ್ಕೆ' ಎಂಬುದನ್ನು 'ನವೆಂಬರ್ ಅಂತ್ಯಕ್ಕೆ' ಎಂದು ಮಾಡುವುದನ್ನು ಮಾತ್ರ ಮರೆಯಬಾರದು. ಭೌತಿಕ ಗುರಿ, ಸಾಧನೆ, ಆರ್ಥಿಕ ಗುರಿ, ಸಾಧನೆ, ಶೇಕಡಾ ಎಂಬ ಕಾಲಮುಗಳು ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಕೊನೆಯ ಕಾಲಮು ಷರಾ. ಅದರಲ್ಲಿ 'ಪ್ರಗತಿಯಲ್ಲಿದೆ' ಎಂದಿರುತ್ತದೆ. ಅದು ನಿತ್ಯ, ಅದನ್ನು ಮುಟ್ಟತಕ್ಕದ್ದಲ್ಲ.

ಈಗ ಸ್ಲೈಡಿನ ಲಕ್ಷಣ ಹೇಳಬೇಕು. 'ಬಿಳಿ ಗೋಡೆಯ ಮೇಲೆ ಬಿದ್ದ ಆಯತಾಕಾರದ ಬೆಳಕೇ ಸ್ಲೈಡು' ಎಂದರೆ, ಹನ್ನೊಂದು ಗಂಟೆಗೆ ಮೀಟಿಂಗ್ ಹಾಲಿನ ಕಿಟಕಿಯಿಂದ ಒಳಬಿದ್ದ ಬಿಸಿಲೂ ಸ್ಲೈಡಾಗಿ ಅತಿವ್ಯಾಪ್ತಿ ದೋಷ ಬರುತ್ತದೆ. ಅದನ್ನು ನಿವಾರಿಸಲು 'ಅಕ್ಷರಗಳುಳ್ಳ' ಎಂದು ಸೇರಿಸಿದರೆ, ಸಸಿ ನೆಡುತ್ತಿರುವ ಗಣ್ಯರ ಫೋಟೋ ಮಾತ್ರವಿರುವ ಸ್ಲೈಡು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. 'ಹಿಂದಿನ ಸಾಲಿನವರಿಗೂ ಓದಲು ಬರುವ ಅಕ್ಷರಗಳುಳ್ಳ' ಎಂದರೆ ಅಸಂಭವ ದೋಷ: ಆ ಲಕ್ಷಣ ಜಗತ್ತಿನ ಯಾವ ಸ್ಲೈಡಿಗೂ ಅನ್ವಯಿಸುವುದಿಲ್ಲ. ಹದಿನೆಂಟು ಸಾಲು, ಹನ್ನೊಂದು ಕಾಲಮಿನ ಎಕ್ಸೆಲ್ ಕೋಷ್ಟಕವನ್ನು ಕಂಟ್ರೋಲ್ ಸಿ, ಕಂಟ್ರೋಲ್ ವಿ ಮಾಡಿ ತಂದು ಅಂಟಿಸುವ ಸಂಪ್ರದಾಯ ಇರುವ ತನಕ ಈ ದೋಷಕ್ಕೆ ಪರಿಹಾರವಿಲ್ಲ. ಅಕ್ಷರದ ಗಾತ್ರ 30 ಪಾಯಿಂಟಿಗಿಂತ ಕಡಿಮೆ ಇರಕೂಡದೆಂದು ಗೈ ಕವಾಸಾಕಿ ಎಂಬ ಅಮೆರಿಕದ ಆಚಾರ್ಯರು ವಿಧಿಸಿದ್ದಾರೆ. ಜೊತೆಗೆ 10 ಸ್ಲೈಡು, 20 ನಿಮಿಷ ಎಂದೂ ಹೇಳಿದ್ದಾರೆ. ಪಾಪ, ಅವರು ಮೂವತ್ತು ಚಿಲ್ಲರೆ ಇಲಾಖೆಗಳನ್ನು ಒಂದೇ ಮಧ್ಯಾಹ್ನ ಮುಗಿಸುವ ಸಭೆಯಲ್ಲಿ ಕೂತವರಲ್ಲ.

ಸ್ಲೈಡಿನೊಳಗಿನ ಅಂಗಾಂಗಗಳ ಬಗ್ಗೆ ಸ್ವಲ್ಪ ನಿಂತು ಹೇಳುವುದಿದೆ, ಯಾಕೆಂದರೆ ಅದ್ವೈತಿಗಳ ಮಾಯಾವಾದ ಇಲ್ಲಿ ಪ್ರಯೋಗಸಿದ್ಧವಾಗಿದೆ. ಹೊಸ ಸ್ಲೈಡಿನಲ್ಲಿ ಚುಕ್ಕಿಗೆರೆಯ ಎರಡು ಚೌಕಗಳಿರುತ್ತವೆ, 'ಕ್ಲಿಕ್ ಟು ಆ್ಯಡ್ ಟೈಟಲ್' ಎಂದು ಕರೆಯುತ್ತಿರುತ್ತವೆ. ಕಲಿಯುವವನು ಅವನ್ನು ಡಿಲೀಟ್ ಮಾಡಿ, ಟೆಕ್ಸ್ಟ್ ಬಾಕ್ಸ್ ಎಳೆದು, ಅದರಲ್ಲಿ ಬರೆಯುತ್ತಾನೆ. ಕಣ್ಣಿಗೆ ಎರಡೂ ಒಂದೇ. ಆದರೆ ಔಟ್‌ಲೈನ್ ವ್ಯೂಗೆ ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ! ನಲವತ್ತು ಸ್ಲೈಡು ತುಂಬಿ ತುಳುಕಿದರೂ ಔಟ್‌ಲೈನ್ ಶೂನ್ಯ. ಟೆಕ್ಸ್ಟ್ ಬಾಕ್ಸಿನ ಬರಹಕ್ಕೆ ವ್ಯಾವಹಾರಿಕ ಸತ್ತೆಯುಂಟು, ಪಾರಮಾರ್ಥಿಕ ಸತ್ತೆಯಿಲ್ಲ ಎಂದು ಇದರಿಂದ ತಿಳಿಯತಕ್ಕದ್ದು.

ಇನ್ನೊಂದು ಮುಖ ಮಾಸ್ಟರಿನದು. ಪಕ್ಕದ ತಾಲ್ಲೂಕಿನಿಂದ ಪೆನ್ ಡ್ರೈವ್‌ನಲ್ಲಿ ತಂದ ಪಿಪಿಟಿಯ ಪ್ರತಿ ಸ್ಲೈಡಿನ ಬುಡದಲ್ಲೂ ಆ ತಾಲ್ಲೂಕಿನ ಹೆಸರಿದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಕ್ಲಿಕ್ ಮಾಡಿದರೆ ಹಿಡಿಗೆ ಸಿಗುವುದಿಲ್ಲ. ಡಬಲ್ ಕ್ಲಿಕ್ಕಿಗೂ ಬಗ್ಗುವುದಿಲ್ಲ. ಕಾಣುತ್ತದೆ, ಆದರೆ ಅಲ್ಲಿಲ್ಲ. ಅದು ಇರುವುದು ವ್ಯೂ ಮೆನುವಿನ ಒಳಗಿರುವ ಸ್ಲೈಡ್ ಮಾಸ್ಟರಿನಲ್ಲಿ. ಅಲ್ಲಿ ಒಮ್ಮೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಈ ಮೂಲಜ್ಞಾನ ಇಲ್ಲದವನು ಏನು ಮಾಡುತ್ತಾನೆ? ಒಂದು ಬಿಳಿಯ ಆಯತ ಎಳೆದು ಆ ಹೆಸರಿನ ಮೇಲೆ ಮುಚ್ಚುತ್ತಾನೆ. ಆಮೇಲೆ ಅದನ್ನು ಕಾಪಿ ಮಾಡಿ ಮಿಕ್ಕ ಮೂವತ್ತೊಂಬತ್ತು ಸ್ಲೈಡಿಗೂ ಅಂಟಿಸುತ್ತಾನೆ. ಇದೇ ಮಾಯೆಯ ಆವರಣ ಶಕ್ತಿ. ಸಾಹೇಬರು ಹಿಂದಿನ ಸಂಜೆ ಬಂದು "ಬ್ಯಾಕ್‌ಗ್ರೌಂಡ್ ಸ್ವಲ್ಪ ನೀಲಿ ಇದ್ರೆ ಚೆನ್ನಾಗಿರುತ್ತಲ್ರೀ" ಅಂದ ಕ್ಷಣ ನಲವತ್ತು ಬಿಳಿ ತೇಪೆಗಳೂ ಎದ್ದು ಕಾಣುತ್ತವೆ. ಅಲ್ಲಿಗೆ ಅವಿದ್ಯೆ ತನ್ನನ್ನು ತಾನೇ ತೋರಿಸಿಕೊಂಡಂತಾಯಿತು.

ಮಾಯೆಗೆ ಆವರಣವಲ್ಲದೆ ವಿಕ್ಷೇಪವೆಂಬ ಇನ್ನೊಂದು ಶಕ್ತಿಯುಂಟು. ಅದು ಅನಿಮೇಷನ್. ಇದರ ಮೂಲ ಮಾತ್ರ ಬಡತನದ್ದು. ಪವರ್‌ಪಾಯಿಂಟಿನ ಮೊದಲ ಆವೃತ್ತಿ ಇದ್ದದ್ದೇ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಳೆ ಅಚ್ಚು ಹಾಕಿಕೊಡಲು. ಓಎಚ್‌ಪಿಯಲ್ಲಿ ಪಾಠ ಕೇಳಿದವರಿಗೆ ನೆನಪಿದ್ದೀತು: ಮೇಷ್ಟ್ರು ಪಾರದರ್ಶಕ ಹಾಳೆಯ ಮೇಲೆ ಒಂದು ಬಿಳಿ ಕಾಗದ ಮುಚ್ಚಿ, ಒಂದೊಂದು ಅಂಶ ಹೇಳಿದ ಹಾಗೆ ಒಂದೊಂದು ಗೆರೆ ಕೆಳಗೆಳೆಯುತ್ತಿದ್ದರು. ಫ್ಯಾನಿನ ಗಾಳಿಗೆ ಕಾಗದ ಹಾರಿದರೆ ಆರನೆಯ ಅಂಶವೂ ಒಟ್ಟಿಗೇ ಬಯಲಾಗುತ್ತಿತ್ತು. ಆ ಕಾಗದವೇ ಇಂದು 'ಅಪಿಯರ್' ಎಂಬ ಅನಿಮೇಷನ್ ಆಗಿದೆ. ಅಷ್ಟಕ್ಕೇ ನಿಂತಿದ್ದರೆ ಶಾಸ್ತ್ರ ಶುದ್ಧವಾಗಿಯೇ ಉಳಿಯುತ್ತಿತ್ತು. ಆದರೆ ಫ್ಲೈ ಇನ್ ಇದೆ, ಬೌನ್ಸ್ ಇದೆ, ಸ್ಪಿನ್ ಇದೆ. ಸಾಲದ್ದಕ್ಕೆ ಟ್ರಾನ್ಸಿಷನ್ನಿನ ಪಕ್ಕದಲ್ಲೇ ಸೌಂಡ್ ಎಂಬ ಪಟ್ಟಿಯಿದೆ. ಅದರಲ್ಲಿ ಚಪ್ಪಾಳೆ, ಕ್ಯಾಮೆರಾ, ಸ್ಫೋಟ, ಟೈಪ್‌ರೈಟರು, ಗಲ್ಲಾಪೆಟ್ಟಿಗೆ ಎಲ್ಲ ಸಿಗುತ್ತವೆ. ಬೆಳೆಹಾನಿ ಪರಿಹಾರದ ಸ್ಲೈಡಿಗೆ ಗಲ್ಲಾಪೆಟ್ಟಿಗೆಯ ಸದ್ದು ಬಂದರೆ ಯಾವ ರಸ ನಿಷ್ಪತ್ತಿಯಾಗುತ್ತದೆಂದು ಭರತಮುನಿಯೂ ಹೇಳಲಾರ. ನಮ್ಮ ವಿಧಿ ಇಷ್ಟೆ: ಅಕ್ಷರಗಳು ಎಲ್ಲಿಂದಲೂ ಹಾರಿ ಬರತಕ್ಕದ್ದಲ್ಲ. ರೇಷ್ಮೆ ಇಲಾಖೆಯವರಿಗೂ ವಿನಾಯಿತಿಯಿಲ್ಲ.

ಕನ್ನಡ ಪಿಪಿಟಿಗೆಂದೇ ಒಂದು ಸ್ವತಂತ್ರ ಶಾಖೆಯಿದೆ, ಲಿಪಿಪ್ರಕರಣ ಎಂದು. ಯೂನಿಕೋಡ್ ಬಳಕೆಗೆ ಬಂದು ಎಷ್ಟೋ ಕಾಲವಾಯಿತು. ವಿಂಡೋಸಿಗೆ ಎಕ್ಸ್‌ಪಿ ಕಾಲದಲ್ಲೇ ತುಂಗಾ ಎಂಬ ಅಕ್ಷರಶೈಲಿಯೂ ಬಂದಿತ್ತು. ಆದರೂ ಎಫ್12ರ ಮಹಿಮೆಯಿಂದ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲೇ ಬರೆದ ಸ್ಲೈಡುಗಳು ಇವತ್ತಿಗೂ ಚಲಾವಣೆಯಲ್ಲಿವೆ. ಆ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಕನ್ನಡವಲ್ಲ, ರೋಮನ್ ಚಿಹ್ನೆಗಳು. 'ನುಡಿ 01 ಇ' ಎಂಬ ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ನಿಲ್ಲಿಸುತ್ತದೆ. ಫಾಂಟಿಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ವೇಷ ಕಳಚುತ್ತದೆ. ಆಗ 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಒಂದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಇನ್ನೊಮ್ಮೆ ಗೀಟಿನ ಎ ಸಾಲಾಗಿ ನಿಲ್ಲುತ್ತವೆ. 'ನ' ಬಂದಲ್ಲೆಲ್ಲ ಪೌಂಡು. ನರೇಗಾ ಸ್ಲೈಡಿನಲ್ಲಂತೂ ಕೂಲಿಯೆಲ್ಲ ಲಂಡನ್ನಿನಿಂದಲೇ ಪಾವತಿಯಾಗುತ್ತಿರುವಂತೆ ತೋರುತ್ತದೆ.

ಇದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿದೆ. ಉತ್ತಮ ಪಕ್ಷ, ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸುವುದು. ಮಧ್ಯಮ ಪಕ್ಷ, ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿಗೆ ಹೋಗಿ ಫಾಂಟನ್ನು ಫೈಲಿನೊಳಗೇ ಹುದುಗಿಸುವ ಚೌಕಕ್ಕೆ ಗುರುತು ಹಾಕುವುದು. ಫಾಂಟು ಅದಕ್ಕೆ ಒಪ್ಪಬೇಕು. ಅಧಮ ಪಕ್ಷ, ಪಿಡಿಎಫ್ ಮಾಡಿಟ್ಟುಕೊಳ್ಳುವುದು. ಎಲ್ಲರೂ ಕೊನೆಗೆ ಅವಲಂಬಿಸುವುದು ಅಧಮ ಪಕ್ಷವನ್ನೇ, ಅದು ಕೆಟ್ಟದ್ದೂ ಅಲ್ಲ. ಸರಿಯಾದ ಯೂನಿಕೋಡಿನಲ್ಲೇ ಬರೆದವರಿಗೆ ಬೇರೊಂದು ಪರೀಕ್ಷೆಯಿದೆ: ತಂತ್ರಾಂಶ ಅದನ್ನು ಇಂಗ್ಲಿಷೆಂದೇ ತಿಳಿದು ಪ್ರತಿ ಪದದ ಅಡಿಗೂ ಕೆಂಪು ಅಂಕುಡೊಂಕು ಗೀಟೆಳೆಯುತ್ತದೆ. ಎಫ್5 ಒತ್ತಿ ಸ್ಲೈಡ್ ಶೋ ಶುರು ಮಾಡಿದರೆ ಆ ಗೀಟುಗಳು ಮಾಯ. ಆದರೆ ಎಫ್5 ಒತ್ತದೆಯೇ, ಎಡಗಡೆ ಪುಟ್ಟ ಸ್ಲೈಡುಗಳ ಸಾಲು, ಮೇಲೆ ರಿಬ್ಬನ್ನು, ಕೆಳಗೆ 'ಕ್ಲಿಕ್ ಟು ಆ್ಯಡ್ ನೋಟ್ಸ್' ಎಲ್ಲ ಇದ್ದ ಹಾಗೇ ಇಡೀ ಸಭೆ ನಡೆಸುವ ಒಂದು ಪಂಗಡವಿದೆ. ಅವರನ್ನು ಅಚೇಲಕರೆಂದು, ಅಂದರೆ ವಸ್ತ್ರ ತ್ಯಜಿಸಿದವರೆಂದು, ಕರೆಯಬಹುದೇ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡುತ್ತೇವೆ.

ಬುಲೆಟ್ಟಿನ ಬಗ್ಗೆ ಹೇಳುವಾಗ ಅಣಕಕ್ಕೆ ಸ್ವಲ್ಪ ಹೊತ್ತು ಬಿಡುವು ಕೊಡಬೇಕಾಗುತ್ತದೆ. ಟ್ಯಾಬ್ ಒತ್ತಿದರೆ ಬುಲೆಟ್ಟು ಒಂದು ಮೆಟ್ಟಿಲು ಒಳಗೆ ಸರಿಯುತ್ತದೆ, ಅಕ್ಷರ ಸಣ್ಣದಾಗುತ್ತದೆ; ಇನ್ನೊಮ್ಮೆ ಒತ್ತಿದರೆ ಇನ್ನೂ ಸಣ್ಣ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಫೋಮಿನ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಬೋಯಿಂಗ್ ಎಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಒಂದು ಸ್ಲೈಡಿನ ತಲೆಬರಹ ನೋಡಿದರೆ ಗಾಬರಿ ಬೇಡವೆನ್ನುವ ಧಾಟಿ. ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು 3 ಘನ ಇಂಚಿನದು, ನಿಜವಾಗಿ ಬಡಿದದ್ದು ಅಂದಾಜು 1920 ಘನ ಇಂಚಿನದು ಎಂಬ ಅಂಶ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಒಳಗೆ ಸರಿದ ಸಣ್ಣ ಸಾಲಿನಲ್ಲಿ. ಫೆಬ್ರವರಿ 1ರಂದು ನೌಕೆ ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಯೇಲ್‌ನ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದರು. ತನಿಖಾ ಮಂಡಳಿಯ ವರದಿಯೂ ಅದನ್ನು ಎತ್ತಿ ಹೇಳಿತು. ಸ್ಲೈಡಿನಿಂದಲೇ ಅನಾಹುತ ಆಯಿತೆಂದು ಆ ವರದಿಯೇನೂ ಹೇಳಿಲ್ಲ. ಆದರೆ ಟ್ಯಾಬ್ ಒತ್ತುವ ಮುನ್ನ ಆ ಸಾಲನ್ನು ನೆನೆಯುವುದು ಒಳ್ಳೆಯದು.

ಇನ್ನು ಪ್ರಯೋಗಕಾಂಡ. ಸಾಂಖ್ಯರು ಹೇಳುವಂತೆ ಪುರುಷನು ನಿಷ್ಕ್ರಿಯ, ಸಾಕ್ಷಿಮಾತ್ರ, ಎಲ್ಲ ಮಾಡುವವಳು ಪ್ರಕೃತಿ. ಸಭೆಯಲ್ಲಿ ಮೈಕು ಹಿಡಿದು ನಿಂತವರು ಪುರುಷ, ಮೂಲೆಯ ಕುರ್ಚಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತವರು ಪ್ರಕೃತಿ. ಇಬ್ಬರ ನಡುವಿನ ಮಂತ್ರ ಒಂದೇ ಪದದ್ದು.

"ನೆಕ್ಸ್ಟ್."

ಸ್ಲೈಡು ಬದಲಾಗುತ್ತದೆ.

"ನೆಕ್ಸ್ಟ್... ಅಲ್ಲಲ್ಲ, ಹಿಂದೆ ಹೋಗಿ. ಇನ್ನೊಂದು ಹಿಂದೆ. ಅಯ್ಯೋ, ಬಹಳ ಹಿಂದೆ ಹೋದ್ರಲ್ಲಮ್ಮಾ, ಸ್ವಲ್ಪ ಮುಂದೆ ಬನ್ನಿ."

"ಯಾವ್ ಸ್ಲೈಡು ಸರ್?"

"ಅದೇ ಅಂಗನವಾಡಿ ಕಟ್ಟಡದ್ದು. ಹಸಿರು ಟೇಬಲ್ ಇತ್ತಲ್ಲ?"

"ಎಲ್ಲಾ ಹಸಿರೇ ಸರ್."

ಸ್ಲೈಡಿನ ಸಂಖ್ಯೆ ಗೊತ್ತಿದ್ದರೆ, ಶೋ ನಡೆಯುತ್ತಿರುವಾಗಲೇ ಆ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು. ಈ ರಹಸ್ಯ ಪ್ರಕೃತಿಗೆ ಗೊತ್ತಿದೆ. ಆದರೆ ಸಂಖ್ಯೆ ಪುರುಷನಿಗೆ ಗೊತ್ತಿಲ್ಲ, ಹಸಿರು ಎಂಬುದಷ್ಟೇ ಗೊತ್ತು. ಕೀಬೋರ್ಡು ಬಲ್ಲವರಿಗೆ ವಿಷಯ ಗೊತ್ತಿಲ್ಲ, ವಿಷಯ ಬಲ್ಲವರಿಗೆ ಕೀಬೋರ್ಡು ಗೊತ್ತಿಲ್ಲ. ಸಾಂಖ್ಯರ ಪಂಗ್ವಂಧ ನ್ಯಾಯಕ್ಕೆ, ಅಂದರೆ ಕುರುಡನ ಹೆಗಲೇರಿದ ಕುಂಟನ ಕಥೆಗೆ, ಇದಕ್ಕಿಂತ ಚೊಕ್ಕ ನಿದರ್ಶನ ಸಿಗುವುದಿಲ್ಲ. ಬಿ ಒತ್ತಿದರೆ ಪರದೆ ಕಪ್ಪಾಗಿ, ಜನ ಪರದೆ ಬಿಟ್ಟು ಮಾತಾಡುವವರ ಮುಖ ನೋಡುತ್ತಾರೆಂಬ ಇನ್ನೊಂದು ರಹಸ್ಯವೂ ಇದೆ. ಅದನ್ನು ಪ್ರಯೋಗಿಸಿದ ಸಭೆಗಳಲ್ಲಿ "ಕರೆಂಟ್ ಹೋಯ್ತಾ?" ಎಂದು ಬೆಸ್ಕಾಂ ಪ್ರತಿನಿಧಿಯನ್ನೇ ಎಲ್ಲರೂ ತಿರುಗಿ ನೋಡುವುದರಿಂದ ಶಿಫಾರಸು ಮಾಡಲಾರೆವು.

ಹಾಗಾದರೆ ಪುರುಷರು ಯಾಕೆ ಕಲಿಯುವುದಿಲ್ಲ? ದಡ್ಡರೆಂದೇನಲ್ಲ. 'ಪಿಪಿಟಿ ಯಾರಿಗೆ ಬರುತ್ತೆ?' ಎಂಬ ಪ್ರಶ್ನೆಗೆ ಒಮ್ಮೆ ಕೈಯೆತ್ತಿದವನ ಗತಿ ಅವರು ನೋಡಿದ್ದಾರೆ. ಅವನ ಸ್ವಂತ ಕಡತಗಳು ಹಾಗೇ ಉಳಿದು, ತೋಟಗಾರಿಕೆಯಿಂದ ಪಶುಸಂಗೋಪನೆಯವರೆಗೆ ಎಲ್ಲರ ಪೆನ್ ಡ್ರೈವುಗಳೂ ಅವನ ಮೇಜಿಗೆ ಬಂದು ಬೀಳುತ್ತವೆ. ಸಭೆಯ ಹಿಂದಿನ ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ 'ಒಂದ್ ಸಣ್ಣ ಚೇಂಜ್ ಇದೆ' ಬರುತ್ತದೆ. ಆದಕಾರಣ ಈ ವಿದ್ಯೆಯನ್ನು ಗೊತ್ತಿದ್ದೂ ಗೊತ್ತಿಲ್ಲದವರಂತೆ ಧರಿಸುವುದೇ ಪ್ರೌಢಿಮೆ ಎಂದು ಪ್ರಾಜ್ಞರು ಬಗೆಯುತ್ತಾರೆ. ಕಂಪ್ಯೂಟರ್ ಪರೀಕ್ಷೆಯ ಪ್ರಮಾಣಪತ್ರ ಸೇವಾ ಪುಸ್ತಕದಲ್ಲಿ ಭದ್ರವಾಗಿರುತ್ತದೆ, ವಿದ್ಯೆ ಅದರೊಳಗೇ ಇರುತ್ತದೆ.

ಉಳಿದದ್ದು ಗ್ರಂಥಸಂಪಾದನೆ. ಕೊನೆಯ ಸ್ಲೈಡು ಗುಲಾಬಿ ಹೂವಿನ ಮೇಲೆ 'ವಂದನೆಗಳು' ಎಂದು ಬಂದಾದ ಮೇಲೆ, ಚಹಾ ತಟ್ಟೆಗಳ ಸದ್ದಿನ ನಡುವೆ ಪ್ರಕೃತಿ ಎಸ್ಕೇಪ್ ಒತ್ತುತ್ತಾಳೆ. ಇಡೀ ಡೆಸ್ಕ್‌ಟಾಪು ಗೋಡೆಯ ಮೇಲೆ ಬೀಳುತ್ತದೆ. ಅಲ್ಲಿ ಒಂದೇ ಪಿಪಿಟಿಯ ಐದು ಪಾಠಾಂತರಗಳು: 'ಕೆಡಿಪಿ ನವೆಂಬರ್', 'ಕೆಡಿಪಿ ನವೆಂಬರ್ ಫೈನಲ್', 'ಫೈನಲ್ ಕರೆಕ್ಟೆಡ್', 'ಸಾಹೇಬ್ರು ಹೇಳಿದ್ದು', 'ಓಲ್ಡ್ ಬೇಡ'. ತೆರೆದು ತೋರಿಸಿದ್ದು ಯಾವುದೆಂದು ನೋಡಿದರೆ 'ಓಲ್ಡ್ ಬೇಡ'. ಅಕ್ಟೋಬರಿನ ಅಂಕಿಗಳು, ನವೆಂಬರಿನ ಹಣೆಪಟ್ಟಿ. ಯಾರೊಬ್ಬರೂ ಗುರುತಿಸಿರಲಿಲ್ಲ. ಕಡಿಮೆ ಸಾಧನೆಗಾಗಿ ಮೂರು ಇಲಾಖೆಗಳಿಗೆ ನೋಟಿಸು ಕೊಡಲು ತೀರ್ಮಾನವಾಗಿತ್ತು, ಎರಡು ಇಲಾಖೆಗಳಿಗೆ ಅಭಿನಂದನೆ ಸಂದಿತ್ತು, ಎಲ್ಲ ಅಂಕಿ-ಅಂಶವೂ ಸಭೆಯ ಅನುಮೋದನೆ ಪಡೆದು ನಡವಳಿಯಲ್ಲಿ ದಾಖಲಾಗಿತ್ತು. ಇಂಥ ಸಂದರ್ಭದಲ್ಲಿ ಯಾವ ಪಾಠ ಗ್ರಾಹ್ಯ? ಸಂಪಾದಕರು ಸಾಮಾನ್ಯವಾಗಿ ಪ್ರಾಚೀನ ಪ್ರತಿಯ ಪರ ನಿಲ್ಲುತ್ತಾರೆ. ಕಚೇರಿಯ ತೀರ್ಮಾನವೂ ಅದೇ ಆಯಿತು: ಅನುಮೋದಿತ ಅಂಕಿಗಳಿಗೆ ಹೊಂದುವಂತೆ 'ಫೈನಲ್ ಕರೆಕ್ಟೆಡ್' ಪ್ರತಿಯನ್ನು ತಿದ್ದಿ, ಸಂಜೆಯೊಳಗೆ ಜಿಲ್ಲೆಗೆ ಮೇಲ್ ಮಾಡುವಂತೆ ಆಪರೇಟರಿಗೆ ಹೇಳಿ ಎಲ್ಲರೂ ಊಟಕ್ಕೆ ಎದ್ದರು.